ದೋಷ ಹುಡುಕುವ ಬಗೆ

ಸಸಿಮಡಿಯಲ್ಲಿ ನಳನಳಿಸುತ್ತಿದ್ದ ಪೈರನ್ನು ಕಿತ್ತು ಗದ್ದೆಗೆ ನಾಟಿ ಮಾಡಿದಾಗ ಅದು ನಾಲ್ಕು ದಿನ ಬಾಡಿದಂತೆ ಕಾಣುವುದು ಸಹಜ. ಹೊಸದಾಗಿ ಬೇಸಾಯಕ್ಕಿಳಿದವನು ಪೈರು ಸತ್ತೇ ಹೋಯಿತೆಂದು ಗಾಬರಿಗೊಳ್ಳುತ್ತಾನೆ. ಅನುಭವಿಯಾದ ರೈತನಾದರೋ ಬೀಜವನ್ನೂ ಹಳಿಯುವುದಿಲ್ಲ, ನೆಲವನ್ನೂ ಹಳಿಯುವುದಿಲ್ಲ. ನೀರು, ಮಣ್ಣು, ಬೇರು ಇವುಗಳನ್ನು ಒಂದೊಂದಾಗಿ ನೋಡಿ, ಹೊಂದಾಣಿಕೆಗೆ ಅಡ್ಡಿಯಾದುದು ಯಾವುದೆಂದು ಕಂಡುಕೊಳ್ಳುತ್ತಾನೆ. ಗಣಕಯಂತ್ರದ ಜಗತ್ತಿನಲ್ಲಿಯೂ ಇಂಥ ನಾಟಿಯ ಕೆಲಸ ದಿನನಿತ್ಯ ನಡೆಯುತ್ತದೆ. ಒಂದು ವ್ಯವಸ್ಥೆಯಲ್ಲಿ ಹುಟ್ಟಿ ಬೆಳೆದ ಕ್ರಮವಿಧಿಯನ್ನು ಮತ್ತೊಂದು ವ್ಯವಸ್ಥೆಯಲ್ಲಿ ಕಟ್ಟಿ ನಡೆಸುವುದೇ ಆ ಕೆಲಸ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1972ರ ಸುಮಾರಿಗೆ ಡೆನಿಸ್ ರಿಚಿಯವರು ಸಿ ಎಂಬ ಭಾಷೆಯನ್ನು ರೂಪಿಸಿದರು. ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಮರುವರ್ಷವೇ ಆ ಭಾಷೆಯಲ್ಲಿ ಹೊಸದಾಗಿ ಬರೆಯಲಾಯಿತು. ತಂತ್ರಾಂಶವು ಎಲ್ಲರಿಗೂ ತೆರೆದಿರಬೇಕು, ಬೇಕಾದವರು ಅದನ್ನು ಓದಿ, ತಿದ್ದಿ, ಹಂಚುವಂತಿರಬೇಕು ಎಂಬ ಸಂಕಲ್ಪದಿಂದ ರಿಚರ್ಡ್ ಸ್ಟಾಲ್‌ಮನ್ನರು 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದರು. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಅನ್ನು ಲೋಕದ ಮುಂದಿಟ್ಟರು. ಹೀಗೆ ಬೆಳೆದ ಮುಕ್ತ ತಂತ್ರಾಂಶಗಳಲ್ಲಿ ಬಹುಪಾಲಿನ ತವರು ಯುನಿಕ್ಸ್ ಮನೆತನ. ಆದರೆ ಶಾಲೆಗಳಲ್ಲಿ, ಕಚೇರಿಗಳಲ್ಲಿ, ಮನೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್. ತವರಿನ ರೀತಿಯೇ ಬೇರೆ, ಸೇರಿದ ಮನೆಯ ರೀತಿಯೇ ಬೇರೆ. ತೊಡಕು ಹುಟ್ಟುವುದು ಇಲ್ಲಿಯೇ.

ಸಿ ಭಾಷೆಯ ಬರಹವನ್ನು ಯಂತ್ರವು ಹಾಗೆಯೇ ಅರಿಯಲಾರದು. ಕಂಪೈಲರ್ ಎಂಬ ಸಾಧನವು ಒಂದೊಂದು ಕಡತವನ್ನೂ ಓದಿ ಯಂತ್ರಭಾಷೆಗೆ ತಿರುಗಿಸುತ್ತದೆ. ಅನಂತರ ಲಿಂಕರ್ ಎಂಬ ಇನ್ನೊಂದು ಸಾಧನವು ಆ ಬಿಡಿ ತುಂಡುಗಳನ್ನೆಲ್ಲ ಬೆಸೆದು ಒಂದು ಪೂರ್ಣ ಕ್ರಮವಿಧಿಯನ್ನಾಗಿ ಮಾಡುತ್ತದೆ. ಯಾವ ಹಂತದಲ್ಲಿ ಕೆಲಸ ನಿಂತಿತೆಂಬುದನ್ನು ಮೊದಲು ತಿಳಿಯಬೇಕು. ಒಂದು ಅರ್ಧವಿರಾಮ ಚಿಹ್ನೆ ಬಿಟ್ಟುಹೋದರೂ ಕಂಪೈಲರ್ ಹತ್ತಾರು ತಪ್ಪುಗಳ ಪಟ್ಟಿಯನ್ನೇ ಮುಂದಿಡುವುದುಂಟು. ಹೊಸಬನು ಪಟ್ಟಿಯ ಕೊನೆಯ ಸಾಲನ್ನು ನೋಡಿ ಕಂಗೆಡುತ್ತಾನೆ. ಬಲ್ಲವನು ಮೇಲಕ್ಕೆ ಸರಿದು ಮೊದಲನೆಯ ತಪ್ಪನ್ನು ಮಾತ್ರ ಓದುತ್ತಾನೆ. ಏಕೆಂದರೆ ಉಳಿದವುಗಳಲ್ಲಿ ಬಹಳಷ್ಟು ಅದರ ಮಕ್ಕಳು, ಮೊಮ್ಮಕ್ಕಳು. ಲಿಂಕರಿನ ದೂರು ಇನ್ನೊಂದು ಬಗೆಯದು. ಲಗ್ನಪತ್ರಿಕೆಯಲ್ಲಿ ನಾದಸ್ವರದವರ ಹೆಸರು ಅಚ್ಚಾಗಿದೆ, ಆದರೆ ಮುಹೂರ್ತಕ್ಕೆ ಅವರು ಬಂದೇ ಇಲ್ಲ ಎನ್ನುವಂತೆ, ಹೆಸರಿಸಿದ ಕಾರ್ಯವು ಯಾವ ಗ್ರಂಥಾಲಯದಲ್ಲಿಯೂ ಸಿಗಲಿಲ್ಲವೆಂದು ಅದು ಹೇಳುತ್ತದೆ. ಬೇಕಾದ ಗ್ರಂಥಾಲಯವನ್ನು ಸೇರಿಸಲು ಮರೆತಿರಬಹುದು. ಅಥವಾ 64 ಬಿಟ್ಟಿನ ಕ್ರಮವಿಧಿಗೆ 32 ಬಿಟ್ಟಿನ ಗ್ರಂಥಾಲಯವನ್ನು ಜೋಡಿಸಹೊರಟಿರಬಹುದು. ಈ ಎರಡು ದೂರುಗಳ ಭೇದವನ್ನರಿಯದೆ ಬರಹವನ್ನು ಮತ್ತೆ ಮತ್ತೆ ತಿದ್ದುವುದು, ಬಾರದ ನಾದಸ್ವರದವರಿಗಾಗಿ ಲಗ್ನಪತ್ರಿಕೆಯನ್ನು ಪುನಃ ಅಚ್ಚು ಹಾಕಿಸಿದಂತೆ ವ್ಯರ್ಥ.

ಕಟ್ಟುವ ಕೆಲಸ ಮುಗಿದರೂ ನಿಶ್ಚಿಂತೆಯಿಲ್ಲ. ಕ್ರಮವಿಧಿಯು ನಡೆಯುತ್ತದೆ, ಆದರೆ ತಪ್ಪು ಉತ್ತರ ಕೊಡುತ್ತದೆ. ಇಂಥ ದೋಷಕ್ಕೆ ಇಂಗ್ಲಿಷಿನಲ್ಲಿ ಬಗ್ ಎಂದು ಹೆಸರು. ಹುಳು ಎಂದು ಅದರರ್ಥ. ಯಂತ್ರದ ದೋಷವನ್ನು ಹೀಗೆ ಕರೆಯುವ ವಾಡಿಕೆ ಗಣಕಯಂತ್ರಕ್ಕಿಂತ ಹಳೆಯದು. ಥಾಮಸ್ ಎಡಿಸನ್ನರ 1878ರ ಪತ್ರವೊಂದರಲ್ಲಿಯೇ ಈ ಮಾತು ಬಂದಿದೆ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಮಾರ್ಕ್ 2 ಯಂತ್ರದ ರಿಲೇಯೊಂದರಲ್ಲಿ ನಿಜವಾದ ಪತಂಗವೇ ಸಿಕ್ಕಿಕೊಂಡಿತ್ತು. ಅಲ್ಲಿಯವರು ಅದನ್ನು ತೆಗೆದು ದಿನಚರಿಯ ಪುಟಕ್ಕೆ ಅಂಟಿಸಿದರು. ಎರಡು ವರ್ಷಗಳ ಬಳಿಕ ಕೇಂಬ್ರಿಜ್‌ನಲ್ಲಿ ಎಡ್ಸ್ಯಾಕ್ ಯಂತ್ರವನ್ನು ಕಟ್ಟಿದ ಮಾರಿಸ್ ವಿಲ್ಕ್ಸ್ ಅವರಿಗೆ, ತಮ್ಮ ಮುಂದಿನ ಬಾಳಿನ ದೊಡ್ಡ ಪಾಲು ತಮ್ಮದೇ ಕ್ರಮವಿಧಿಗಳ ತಪ್ಪು ಹುಡುಕುವುದರಲ್ಲಿ ಕಳೆಯಲಿದೆಯೆಂಬ ಅರಿವು ಮೆಟ್ಟಿಲ ತಿರುವಿನಲ್ಲಿ ಒಮ್ಮೆಲೇ ಮೂಡಿತಂತೆ. ಅಷ್ಟು ದೊಡ್ಡವರನ್ನೂ ಬಿಡದ ಕಷ್ಟ ಹೊಸಬನನ್ನು ಕಾಡಿದರೆ ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

ಒಂದು ಉದಾಹರಣೆಯನ್ನು ನೋಡಬಹುದು. ಚಿತ್ರಗಳನ್ನು ಓದಿ ತೋರಿಸುವ ಕ್ರಮವಿಧಿಯೊಂದು ಲಿನಕ್ಸ್‌ನಲ್ಲಿ ಸರಿಯಾಗಿ ನಡೆಯುತ್ತದೆ. ಅದನ್ನೇ ವಿಂಡೋಸ್‌ನಲ್ಲಿ ಕಟ್ಟಿದಾಗ, ಪಿಎನ್‌ಜಿ ಎಂಬ ಬಗೆಯ ಚಿತ್ರದ ಮೊದಲ ಐದು ಬೈಟುಗಳನ್ನು ಓದಿ, ಕಡತ ಮುಗಿಯಿತೆಂದು ಸುಮ್ಮನಾಗುತ್ತದೆ. ಚಿತ್ರ ಕೆಟ್ಟಿದೆಯೆ? ಇಲ್ಲ; ಬೇರೆ ಕ್ರಮವಿಧಿಗಳು ಅದನ್ನು ಚೆನ್ನಾಗಿಯೇ ತೋರಿಸುತ್ತವೆ. ಯಂತ್ರ ಕೆಟ್ಟಿದೆಯೆ? ಅದೂ ಇಲ್ಲ. ಆಗ ಡಿಬಗರ್ ಎಂಬ ಸಾಧನದಿಂದ ಕ್ರಮವಿಧಿಯನ್ನು ನಡುವೆ ನಿಲ್ಲಿಸಿ, ಒಂದೊಂದೇ ಹೆಜ್ಜೆ ನಡೆಸಿ, ಓದಿದ ಸಂಖ್ಯೆಗಳನ್ನು ಪರಿಶೀಲಿಸಬೇಕು. ಪಿಎನ್‌ಜಿ ಕಡತದ ಆರಂಭದಲ್ಲಿ ಯಾವಾಗಲೂ 137, 80, 78, 71, 13, 10, 26, 10 ಎಂಬ ಎಂಟು ಬೈಟುಗಳಿರುತ್ತವೆ. ವಿಂಡೋಸ್‌ನಲ್ಲಿ ಸಾಲಿನ ಕೊನೆಯನ್ನು ಸೂಚಿಸಲು 13 ಮತ್ತು 10 ಎಂಬ ಎರಡು ಸಂಕೇತಗಳನ್ನು ಬಳಸುವುದು ಪದ್ಧತಿ. ಯುನಿಕ್ಸ್‌ನಲ್ಲಿ 10 ಒಂದೇ ಸಾಕು. ವಿಂಡೋಸ್‌ನಲ್ಲಿ ಕಡತವನ್ನು ಪಠ್ಯವೆಂದು ತೆರೆದರೆ 13, 10 ಎಂಬ ಜೋಡಿಯು 10 ಒಂದೇ ಆಗಿ ಕಾಣುತ್ತದೆ. 26 ಎಂಬುದು ಕಡತದ ಮುಕ್ತಾಯವೆಂದು ಎಣಿಕೆಯಾಗುತ್ತದೆ. ಹೀಗೆ ಎಂಟರಲ್ಲಿ ಐದೇ ಉಳಿದವು! ಇಂಥ ಹಾನಿಯು ಆರಂಭದಲ್ಲಿಯೇ ಬಯಲಾಗಲೆಂದು ಪಿಎನ್‌ಜಿಯನ್ನು ರೂಪಿಸಿದವರು ಆ ಸಂಖ್ಯೆಗಳನ್ನು ಬೇಕೆಂದೇ ಅಲ್ಲಿಟ್ಟಿದ್ದಾರೆ. ಪರಿಹಾರವೋ ಒಂದೇ ಅಕ್ಷರ. ಕಡತವನ್ನು ತೆರೆಯುವ ಆಜ್ಞೆಯಲ್ಲಿ 'ಆರ್' ಎಂದಿರುವೆಡೆ 'ಆರ್‌ಬಿ' ಎಂದು ಬರೆದರೆ ಅದು ಪಠ್ಯವಲ್ಲ, ಬರಿಯ ಬೈಟುಗಳ ಸಾಲು ಎಂದು ವಿಂಡೋಸ್ ತಿಳಿಯುತ್ತದೆ. ಲಿನಕ್ಸ್‌ನಲ್ಲಿ ಆ 'ಬಿ' ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದುದರಿಂದಲೇ ಅದನ್ನು ಬಿಟ್ಟ ತಪ್ಪು ತವರಿನಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಇಂಥ ಭೇದಗಳು ಇನ್ನೂ ಇವೆ. 64 ಬಿಟ್ಟಿನ ಲಿನಕ್ಸ್‌ನಲ್ಲಿ ಲಾಂಗ್ ಎಂಬ ಸಂಖ್ಯೆಗೆ ಎಂಟು ಬೈಟುಗಳ ಜಾಗವಿದ್ದರೆ, ವಿಂಡೋಸ್‌ನಲ್ಲಿ ನಾಲ್ಕೇ. 2,147,483,647ಕ್ಕಿಂತ ದೊಡ್ಡ ಸಂಖ್ಯೆ ಅದರಲ್ಲಿ ಹಿಡಿಸುವುದಿಲ್ಲ. ಒಂದು ಕೆಲಸವನ್ನು ಕವಲೊಡೆಸಿ ಎರಡಾಗಿಸುವ ಫೋರ್ಕ್ ಎಂಬ ಯುನಿಕ್ಸ್‌ನ ಸೌಕರ್ಯವು ವಿಂಡೋಸ್‌ನಲ್ಲಿಲ್ಲ. ಟೋರ್ವಾಲ್ಡ್ಸ್ 2005ರಲ್ಲಿ ಆರಂಭಿಸಿದ ಗಿಟ್ ಎಂಬ ತಂತ್ರಾಂಶವನ್ನು ವಿಂಡೋಸ್‌ಗೆ ಒಗ್ಗಿಸುವಾಗ ಇಂಥ ಕೊರತೆಗಳನ್ನು ತುಂಬಿಕೊಡಲು ಪ್ರತ್ಯೇಕ ಭಾಗವನ್ನೇ ಬರೆಯಬೇಕಾಯಿತು.

ಕನ್ನಡಿಗರಿಗೆ ನೇರವಾಗಿ ತಾಕುವ ತೊಡಕೂ ಒಂದುಂಟು. ವಿದ್ಯಾರ್ಥಿನಿಯೊಬ್ಬಳು ತಾನು ಬರೆದ ಕಡತಕ್ಕೆ 'ಕವಿತೆ' ಎಂದು ಕನ್ನಡದಲ್ಲಿಯೇ ಹೆಸರಿಟ್ಟಳೆನ್ನಿ. ಯುನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿವೆ. ಆ ಲೆಕ್ಕದಲ್ಲಿ 'ಕವಿತೆ' ಎಂಬುದು ಮೂರು ವ್ಯಂಜನ, ಎರಡು ಸ್ವರಚಿಹ್ನೆ ಕೂಡಿ ಐದು ಸಂಕೇತ. ಲಿನಕ್ಸ್‌ನಲ್ಲಿ ರೂಢಿಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಇದಕ್ಕೆ 15 ಬೈಟು. ವಿಂಡೋಸ್ ಒಳಗೆ ಬಳಸುವ ಯುಟಿಎಫ್-16 ಕ್ರಮದಲ್ಲಿ 10 ಬೈಟು. ಆದರೆ ಹಳೆಯ ರೀತಿಯಲ್ಲಿ ಬರೆದ ಸಿ ಕ್ರಮವಿಧಿಗೆ ವಿಂಡೋಸ್ ಈ ಎರಡನ್ನೂ ಕೊಡದೆ, ಹಿಂದಿನ ಕಾಲದ ಅಕ್ಷರಪಟ್ಟಿಯೊಂದಕ್ಕೆ ಬದಲಾಯಿಸಿ ಕೊಡುತ್ತದೆ. ಆ ಪಟ್ಟಿಯಲ್ಲಿ ಕನ್ನಡಕ್ಕೆ ಎಡೆಯಿಲ್ಲ. 'ಕವಿತೆ'ಯು ಐದು ಪ್ರಶ್ನಾರ್ಥಕ ಚಿಹ್ನೆಗಳಾಗಿ ನಿಲ್ಲುತ್ತದೆ. ಅಂಥ ಕಡತವೇ ಇಲ್ಲವೆಂದು ಕ್ರಮವಿಧಿ ಹೇಳುತ್ತದೆ. ಹೆಸರನ್ನು ಇಂಗ್ಲಿಷಿಗೆ ಬದಲಿಸಿಕೊಂಡರೆ ಅಂದಿನ ಕೆಲಸ ಸಾಗುತ್ತದೆ, ಹೆಚ್ಚಿನವರು ಮಾಡುವುದೂ ಅದನ್ನೇ. ಆದರೆ ದೋಷ ಇದ್ದಲ್ಲಿಯೇ ಉಳಿಯಿತು. ನಾಳೆ ಬರುವ ಇನ್ನೊಬ್ಬ ಕನ್ನಡಿಗನೂ ಅದೇ ಗೋಡೆಗೆ ಹಣೆ ತಾಕಿಸಿಕೊಳ್ಳಬೇಕು. ಹೆಸರನ್ನು ಯುಟಿಎಫ್-16 ಕ್ರಮದಲ್ಲಿಯೇ ಪಡೆದು, ಅದಕ್ಕೆಂದೇ ಇರುವ ಆಜ್ಞೆಯಿಂದ ಕಡತವನ್ನು ತೆರೆಯುವುದು ಸರಿಯಾದ ದಾರಿ. 2019ರಿಂದೀಚೆಗೆ, ತನಗೆ ಯುಟಿಎಫ್-8 ಬೇಕೆಂದು ಕ್ರಮವಿಧಿಯೇ ವಿಂಡೋಸ್‌ಗೆ ತಿಳಿಸುವ ಅನುಕೂಲವೂ ಒದಗಿದೆ.

ದೋಷಶೋಧನೆಗೆ ಕೆಲವು ನಿಯಮಗಳುಂಟು. ಮೊದಲನೆಯದು, ದೋಷವು ಬೇಕೆಂದಾಗ ಮತ್ತೆ ಕಾಣಿಸಿಕೊಳ್ಳುವಂತೆ ಮಾಡುವುದು. ಕಾಣಿಸದ ರೋಗಕ್ಕೆ ವೈದ್ಯನು ಮದ್ದು ಕೊಡಲಾರನು. ಎರಡನೆಯದು, ಒಂದು ಬಾರಿಗೆ ಒಂದನ್ನೇ ಬದಲಿಸುವುದು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಗುಣವಾದುದು ಯಾವುದರಿಂದ ಎಂಬುದೇ ತಿಳಿಯದು. ಮೂರನೆಯದು, ಹುಡುಕುವ ಕ್ಷೇತ್ರವನ್ನು ಅರ್ಧರ್ಧವಾಗಿ ಕಿರಿದುಗೊಳಿಸುವುದು. ಸಾವಿರ ತಿದ್ದುಪಡಿಗಳಲ್ಲಿ ಕೆಡುಕು ತಂದುದು ಯಾವುದೆಂದು ತಿಳಿಯಲು ಸಾವಿರ ಪರೀಕ್ಷೆ ಬೇಕಿಲ್ಲ. ನಡುವಿನದನ್ನು ಪರೀಕ್ಷಿಸಿ, ದೋಷವಿಲ್ಲದ ಅರ್ಧವನ್ನು ಬಿಡುತ್ತ ಹೋದರೆ ಹತ್ತೇ ಪರೀಕ್ಷೆಗಳಲ್ಲಿ ಅದು ಸಿಕ್ಕುತ್ತದೆ. ಇವೆಲ್ಲಕ್ಕಿಂತ ಮಿಗಿಲಾದುದು, ಹೀಗಿರಬಹುದೆಂಬ ಊಹೆಯನ್ನು ಹೀಗಿದೆಯೆಂಬ ಸಂಗತಿಯಿಂದ ಬೇರೆಯಾಗಿಡುವುದು. ಯಂತ್ರಕ್ಕೆ ದಾಕ್ಷಿಣ್ಯವಿಲ್ಲ, ಬರೆದವನ ಉದ್ದೇಶವನ್ನು ಅದು ಕೇಳುವುದಿಲ್ಲ, ಬರೆದುದನ್ನು ಮಾತ್ರ ನಡೆಸುತ್ತದೆ.

ದೋಷ ಸಿಕ್ಕಿ ಸರಿಹೋದ ಮೇಲೆ ಇನ್ನೊಂದು ಕರ್ತವ್ಯ ಉಳಿದಿರುತ್ತದೆ. ಮುಕ್ತ ತಂತ್ರಾಂಶವನ್ನು ಅದನ್ನು ಬರೆದವರು ಬೆಲೆ ಕೇಳದೆ ಕೊಟ್ಟಿದ್ದಾರೆ. ಪಡೆದವನು ತನ್ನ ತಿದ್ದುಪಡಿಯನ್ನು ಅವರಿಗೆ ಮರಳಿಸುವುದು ಸೌಜನ್ಯ. ಆ ತಿದ್ದುಪಡಿ ಒಂದೇ ಅಕ್ಷರದ್ದಾಗಿದ್ದರೂ ಸರಿಯೆ, ದೋಷ ಕಾಣಿಸಿದ ಬಗೆ ಯಾವುದು, ಅದರ ಕಾರಣವೇನು, ಯಾವ ವ್ಯವಸ್ಥೆಯಲ್ಲಿ ಪರೀಕ್ಷಿಸಿದೆ ಎಂಬುದನ್ನು ಸ್ಪಷ್ಟವಾಗಿ ಬರೆದು ಕಳುಹಿಸಬೇಕು. ತಂತ್ರಾಂಶದ ಪಾಲಕರು ಅದನ್ನು ಒಪ್ಪಬಹುದು, ಬದಲಾವಣೆ ಬೇಕೆನ್ನಬಹುದು, ನಿರಾಕರಿಸಲೂಬಹುದು. ಒಪ್ಪಿದರೆ, ಕರ್ನಾಟಕದ ಯಾವುದೋ ಊರಿನಲ್ಲಿ ಕುಳಿತು ಮಾಡಿದ ತಿದ್ದುಪಡಿಯು ಆ ತಂತ್ರಾಂಶ ಹೋದಲ್ಲೆಲ್ಲ ಹೋಗುತ್ತದೆ. ಕನ್ನಡದ ಹೆಸರುಳ್ಳ ಕಡತವು ಅಂದಿನಿಂದ ತನ್ನ ಹೆಸರಿನಿಂದಲೇ ತೆರೆಯುತ್ತದೆ. ತಮಿಳು, ತೆಲುಗು, ಮಲಯಾಳಗಳಲ್ಲಿ ಹೆಸರಿಟ್ಟ ಕಡತಗಳೂ ಹಾಗೆಯೇ ತೆರೆಯುತ್ತವೆ. ಅದನ್ನು ಸರಿಪಡಿಸಿದವರು ಯಾರೆಂದು ಅವರಾರೂ ತಿಳಿಯಲಾರರು. ತಿಳಿಯಬೇಕಾದ ಅಗತ್ಯವೂ ಅವರಿಗಿರುವುದಿಲ್ಲ.