ಹೆಸರು ಅಳಿಸಿದರೆ ಸಾಲದು

ಅಂತರ್ಜಾಲ ಸಂಶೋಧನೆಯ ವಿಧಾನವನ್ನು ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಹೇಳಿಕೊಡುವಾಗ ನಾವು 2006ರ ಪ್ರಸಂಗವೊಂದರಿಂದ ಆರಂಭಿಸುತ್ತೇವೆ. ಅಮೆರಿಕದ ಎಒಎಲ್ ಕಂಪನಿ ಸುಮಾರು 6,50,000 ಬಳಕೆದಾರರು ಹುಡುಕಿದ ಪದಗಳನ್ನು, ಹೆಸರಿನ ಬದಲು ಸಂಖ್ಯೆ ಕೊಟ್ಟು, ಸಂಶೋಧಕರಿಗಾಗಿ ಪ್ರಕಟಿಸಿತು. ಕೆಲವೇ ದಿನಗಳಲ್ಲಿ ಪತ್ರಕರ್ತರು ಒಂದು ಸಂಖ್ಯೆಯ ಹಿಂದಿದ್ದ ಮಹಿಳೆಯನ್ನು ಗುರುತಿಸಿದರು.

ಈ ಪಾಠ ಹೇಳುವ ನಾವೇ ಒಮ್ಮೆ ಎಡವಿದೆವು. ಮುಂಬಯಿಗೆ ಬಂದ ಕನ್ನಡತಿಯರ ಅಂತರ್ಜಾಲ ಬರಹಗಳನ್ನು ಕುರಿತು ವಿದ್ಯಾರ್ಥಿನಿಯೊಬ್ಬಳು ಬರೆದ ಅಧ್ಯಾಯಕ್ಕೆ ಒಪ್ಪಿಗೆ ಕೊಟ್ಟಿದ್ದೆವು. ಹೆಸರುಗಳನ್ನು ತೆಗೆದಿದ್ದಳು, ಮಾತುಗಳನ್ನು ಮಾತ್ರ ಇದ್ದಂತೆಯೇ ಉದ್ಧರಿಸಿದ್ದಳು. ಗಂಡನ ಹೊಡೆತವನ್ನು ತೋಡಿಕೊಂಡ ಒಂದು ಸಾಲನ್ನು ತರಗತಿಯಲ್ಲಿ ಹುಡುಕಿ ನೋಡಿದೆವು. ಬರೆದಾಕೆಯ ಹೆಸರು, ಭಾವಚಿತ್ರ ಎರಡೂ ತೆರೆದುಕೊಂಡವು. ಯಾರೂ ಮಾತಾಡಲಿಲ್ಲ.

ವಿದ್ಯಾರ್ಥಿನಿ ಆ ಸಾಲನ್ನು ಕೈಬಿಟ್ಟು ಸಾರಾಂಶವನ್ನಷ್ಟೇ ಉಳಿಸಿದಳು. ಎಲ್ಲರೂ ಓದಬಹುದಾದದ್ದೆಲ್ಲ ನಾವು ಎತ್ತಿಕೊಳ್ಳಬಹುದಾದದ್ದಲ್ಲ. ಈಗ ಒಪ್ಪಿಗೆಯ ಸಹಿ ಹಾಕುವ ಮೊದಲು ಪ್ರತಿ ಉದ್ಧರಣೆಯನ್ನೂ ನಾವೇ ಹುಡುಕಿ ನೋಡುತ್ತೇವೆ.