ಗಾಂವ್ ಕೌನ್‌ಸಾ?

ಮಲಾಡ್ ಸ್ಟೇಷನ್ನಿನ ಪೂರ್ವ ದಿಕ್ಕಿಗೆ ಇಳಿದರೆ ದಫ್ತರಿ ರೋಡ್. ಸಂಜೆ ಆರರ ಮೇಲೆ ಆ ರಸ್ತೆಯಲ್ಲಿ ನಡೆಯುವುದೆಂದರೆ ನಡೆಯುವುದಲ್ಲ, ಜನ ನೂಕಿದ ಕಡೆ ಹೋಗುವುದು. ಒಂದು ಬದಿಯಲ್ಲಿ ತರಕಾರಿ ಗಾಡಿಗಳು, ಇನ್ನೊಂದು ಬದಿಯಲ್ಲಿ ಹೇರ್‌ಪಿನ್ನಿನಿಂದ ಹಿಡಿದು ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್‌ವರೆಗೆ ಮಾರುವವರು. ನಡುವೆ ರಿಕ್ಷಾ. ನಿವೃತ್ತನಾದ ಮೇಲೆ ನನಗೆ ದಿನಕ್ಕೊಮ್ಮೆ ಈ ನೂಕಾಟ ಬೇಕೇ ಬೇಕು. ಮನೆಯವಳು, "ಕಾಲು ಕಿಲೋ ಟೊಮೆಟೊ ತಪ್ಪುಕೆ ಒಂದೂವರೆ ಗಂಟೆ ಎಂತಕ್ಕೆ?" ಎಂದು ಕೇಳುತ್ತಾಳೆ. ಮೂವತ್ತೇಳು ವರ್ಷ ಬ್ಯಾಂಕಿನ ಕೌಂಟರಿನ ಒಳಗೆ ಕೂತು ಜನರನ್ನು ಕಂಡವನಿಗೆ ಹೊರಗೆ ನಿಂತು ಕಾಣುವ ಆಸೆ ಎಂದು ಅವಳಿಗೆ ಹೇಗೆ ಹೇಳುವುದು?

ಒಂದು ಸಂಜೆ ಮೊಮ್ಮಗ ಜೊತೆಗಿದ್ದ. ಅವನಿಗೆ ಹನ್ನೊಂದು ವರ್ಷ. ರಸ್ತೆಯ ಮೂಲೆಯಲ್ಲಿ ಕೆಂಪು ಬಣ್ಣದ ಒಂದು ಚೈನೀಸ್ ಗಾಡಿ ಇದೆ. ಹುರಿದ ನೂಡಲ್ಸಿಗೆ ಕೋಸು, ಸಾಸು ಬೆರೆಸಿ 'ಚೈನೀಸ್ ಭೇಲ್' ಎಂದು ಕೊಡುತ್ತಾರೆ. ತಿನ್ನುತ್ತಾ ಹುಡುಗ ಕೇಳಿದ: "ಅಜ್ಜ, ಇವರು ಚೀನಾದವರಾ?"

ಬಾಣಲೆ ಆಡಿಸುತ್ತಿದ್ದ ಹುಡುಗ ನಕ್ಕುಬಿಟ್ಟ. ಅವನು ಬಂಗಾಳದ ಮಾಲ್ಡಾದವನು. ಅವನ ಜೊತೆಗಾರ ನೇಪಾಳದವನು. ನಮ್ಮೂರ ಕಡೆಯ ಜಾತ್ರೆಗಳಲ್ಲೂ ಈಗ ಗೋಬಿ ಮಂಚೂರಿ ಇಲ್ಲದೆ ತೇರು ಎಳೆಯುವುದಿಲ್ಲ. 2024ರಲ್ಲಿ ಅದಕ್ಕೆ ಹಾಕುವ ಕೃತಕ ಬಣ್ಣವನ್ನು ಕರ್ನಾಟಕ ಸರಕಾರವೇ ನಿಷೇಧಿಸಬೇಕಾಯಿತು. ಆದರೆ ಮಂಚೂರಿಯನ್ ಚೀನಾದ ತಿಂಡಿಯೇ ಅಲ್ಲ. ಕಲ್ಕತ್ತಾದಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ ಅವರು 1975ರಲ್ಲಿ ಇದೇ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನ ಅಡಿಗೆಮನೆಯಲ್ಲಿ ಅದನ್ನು ಮೊದಲು ಮಾಡಿದ್ದು ಎನ್ನುತ್ತಾರೆ. ಅಂದರೆ ನಮ್ಮ ಮಸಾಲೆ ದೋಸೆಯ ಹಾಗೆ ಅದೂ ಇಲ್ಲಿಯ ಹೋಟೆಲುಗಳಲ್ಲೇ ಬೆಳೆದದ್ದು.

"ಹಾಗಾದರೆ ಮುಂಬಯಿಯಲ್ಲಿ ಚೀನಾದವರೇ ಇಲ್ಲವಾ?"

"ಇದ್ದರು," ಎಂದೆ. "ಒಬ್ಬರನ್ನು ನಾನು ಬಲ್ಲೆ." ಹೇಳಿದ ಮೇಲೆ ಗಂಟಲಿನಲ್ಲಿ ಏನೋ ಸಿಕ್ಕಿಕೊಂಡ ಹಾಗಾಯಿತು. ಅದು ಭೇಲ್‌ನ ಸಾಸು ಇರಲಾರದು.

ನಾನು ಎಂ.ಕಾಂ. ಮುಗಿಸಿ ಕುಂದಾಪುರದ ಬದಿಯ ಊರಿನಿಂದ ಬ್ಯಾಂಕಿನ ಕೆಲಸಕ್ಕೆ ಮುಂಬಯಿಗೆ ಬಂದದ್ದು 1981ರಲ್ಲಿ. ಮಲಾಡಿನಲ್ಲಿ ಸೋದರಮಾವನ ಹೋಟೆಲಿತ್ತು. ಅದರ ಮೇಲಿನ ಅಟ್ಟವೇ ನನ್ನ ಮನೆ. 1983ರ ಕೊನೆಗೆ ಆಫೀಸರ್ ಆಗಿ, ಪ್ರೊಬೇಷನ್ನಿನ ಮೇಲೆ ಮಜಗಾಂವ್ ಹತ್ತಿರದ ಒಂದು ಶಾಖೆಗೆ ಹೋದೆ. ಹಡಗುಕಟ್ಟೆಯ ಊರು ಅದು. ಗೋವಾದ ಕ್ರಿಶ್ಚಿಯನ್ನರು, ಬೋಹ್ರಾಗಳು, ಇರಾನಿ ಹೋಟೆಲಿನವರು, ಕೊಂಕಣದ ಕೂಲಿಗಳು ಎಲ್ಲ ನಮ್ಮ ಗಿರಾಕಿಗಳು. ಅವರ ನಡುವೆ ನಾಲ್ಕೈದು ಚೀನೀ ಮನೆತನಗಳು. ಆ ಕಡೆ ಹಿಂದೆ ಚೀನಿಯರ ದೊಡ್ಡ ಕೇರಿಯೇ ಇತ್ತೆಂದು ನಮ್ಮ ಹಳೆಯ ದಫೇದಾರ ಹೇಳುತ್ತಿದ್ದ. ಹಡಗಿನಲ್ಲಿ ಬಂದವರು, ಬಡಗಿಗಳು, ರೇಷ್ಮೆ ಹೊತ್ತು ಮಾರುವವರು, ಊಟದ ಮನೆ ನಡೆಸುವವರು ಎಲ್ಲ ಇದ್ದರಂತೆ. "ಬಾಸಠ್ ಕೆ ಬಾದ್ ಸಬ್ ಗಯೇ ಸಾಬ್," ಎಂದು ಕೈ ಝಾಡಿಸುತ್ತಿದ್ದ.

ಅರವತ್ತೆರಡು ಎಂದರೆ 1962ರ ಯುದ್ಧ. ಆಗ ನನಗೆ ನಾಲ್ಕು ವರ್ಷ. ಯುದ್ಧದಲ್ಲಿ ನಾವು ಸೋತದ್ದನ್ನು ಶಾಲೆಯಲ್ಲಿ ಕಲಿತಿದ್ದೆ. ಇಲ್ಲೇ ಹುಟ್ಟಿ ಬೆಳೆದ ಚೀನೀ ಮೂಲದವರ ಪಾಡು ಏನಾಯಿತೆಂದು ಯಾವ ಪುಸ್ತಕವೂ ಹೇಳಿರಲಿಲ್ಲ. ಸುಮಾರು ಮೂರು ಸಾವಿರ ಜನರನ್ನು, ಹೆಚ್ಚಿನವರು ಅಸ್ಸಾಮ್ ಬಂಗಾಳದ ಕಡೆಯವರು, ರೈಲಿನಲ್ಲಿ ತುಂಬಿ ರಾಜಸ್ಥಾನದ ದೇವಲಿ ಎಂಬಲ್ಲಿ ಕೂಡಿಹಾಕಿದ್ದರು. ಕೆಲವರು ಅಲ್ಲಿ ವರ್ಷಗಟ್ಟಲೆ ಕಳೆದರು. ಹೊರಗುಳಿದವರು ಪೊಲೀಸರಲ್ಲಿ ಹೆಸರು ಬರೆಸಿ, ಪರವಾನಗಿ ನವೀಕರಿಸಿ ಬದುಕಬೇಕಾಯಿತು. ಊರು ಬಿಟ್ಟು ಹೋಗಬೇಕಾದರೂ ಕೇಳಿ ಹೋಗಬೇಕು.

ನಾನು ಹೇಳುವ ಮನುಷ್ಯ ಹಲ್ಲಿನ ಡಾಕ್ಟರು. ವಯಸ್ಸು ಐವತ್ತರ ಮೇಲೆ. ಬೀದಿಗೆ ತೆರೆದ ಒಂದೇ ಕೋಣೆ, ಗಾಜಿನ ಪೆಟ್ಟಿಗೆಯಲ್ಲಿ ಕಟ್ಟಿಸಿದ ಹಲ್ಲಿನ ಸೆಟ್ಟುಗಳು, ಹಳೆಯ ಒಂದು ಕುರ್ಚಿ. ನನ್ನ ದವಡೆಯ ಹಲ್ಲೊಂದನ್ನು ಅವರೇ ಕಿತ್ತದ್ದು. ಪ್ರತಿ ಶನಿವಾರ ಹನ್ನೊಂದಕ್ಕೆ ಬಂದು ಆರ್.ಡಿ.ಗೆ ಹಣ ಕಟ್ಟುತ್ತಿದ್ದರು. ಒಂದು ಕಂತೂ ತಪ್ಪಿದ್ದಿಲ್ಲ. ಅವರ ಮಾದರಿ ಸಹಿಯ ಕಾರ್ಡಿನಲ್ಲಿ ಇಂಗ್ಲಿಷ್ ಸಹಿಯ ಕೆಳಗೆ ಮೂರು ಚೀನೀ ಅಕ್ಷರ. ಓದಲು ಬಾರದ ನಾನು ಗೆರೆಗಳನ್ನು ಎಣಿಸಿ ತಾಳೆ ನೋಡುತ್ತಿದ್ದೆ.

1984ರ ಮಳೆಗಾಲದಲ್ಲಿ ಅವರು ಎಂಟು ಸಾವಿರ ರೂಪಾಯಿ ಸಾಲಕ್ಕೆ ಅರ್ಜಿ ಹಾಕಿದರು. ಇನ್ನೊಂದು ಕುರ್ಚಿ ತರಬೇಕು, ಮಗ ಕೆಲಸ ಕಲಿಯುತ್ತಿದ್ದಾನೆ ಎಂದರು. ಸಣ್ಣ ಸ್ವಂತ ಉದ್ಯೋಗದವರಿಗೆ ಸಾಲ ಕೊಡಿ ಎಂದು ಮೇಲಿನಿಂದ ಒತ್ತಾಯವಿದ್ದ ಕಾಲ. ಜಾಮೀನಿಗೆ ಇಬ್ಬರು ತಯಾರಿದ್ದರು. ಫಾರಂ ತುಂಬುತ್ತಾ ಬಂದವರು ಒಂದು ಕಾಲಂ ಹತ್ತಿರ ಪೆನ್ನು ನಿಲ್ಲಿಸಿದರು. ರಾಷ್ಟ್ರೀಯತೆ.

"ಸಾಬ್, ಇಧರ್ ಕ್ಯಾ ಲಿಖೂಂ?"

ಅವರು ಹುಟ್ಟಿದ್ದು ಮಜಗಾಂವ್‌ನಲ್ಲಿ. ಚೀನಾ ನೋಡಿದವರಲ್ಲ. ಪಾಸ್‌ಪೋರ್ಟು ಯಾವ ದೇಶದ್ದೂ ಇಲ್ಲ. ಪೊಲೀಸರ ಮೊಹರು ಬಿದ್ದ ಒಂದು ಪುಸ್ತಕ ಮಾತ್ರ ಇತ್ತು; ಅದನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ನನ್ನ ಮೇಜಿನ ಮೇಲಿಟ್ಟರು. ನಾನು, "ಖಾಲಿ ಬಿಡಿ, ಆಮೇಲೆ ನೋಡುವ," ಎಂದೆ.

ನಮ್ಮ ಮ್ಯಾನೇಜರರು ಒಳ್ಳೆಯವರೇ. ಕಡತ ನನ್ನ ಕಡೆ ತಳ್ಳಿ, "ನೀವು ಅವರನ್ನು ಬಲ್ಲಿರಿ, ನಿಮ್ಮ ರಿಪೋರ್ಟು ಬರೆಯಿರಿ, ನಾನು ಸಹಿ ಹಾಕುತ್ತೇನೆ," ಎಂದರು. ನನ್ನ ಪ್ರೊಬೇಷನ್ ಮುಗಿಯಲು ನಾಲ್ಕು ತಿಂಗಳಿತ್ತು. ಚೀನೀ ಹೆಸರಿನ ಕಡತಕ್ಕೆ ಶಿಫಾರಸು ಮಾಡಿ ನಾಳೆ ಇನ್‌ಸ್ಪೆಕ್ಷನ್‌ನಲ್ಲಿ ಯಾರಾದರೂ ಕೆಂಪು ಶಾಯಿ ಎಳೆದರೆ? ನನ್ನನ್ನು ಯಾರೂ ಹೆದರಿಸಲಿಲ್ಲ. ನಾನೇ ಹೆದರಿಕೊಂಡೆ. "ರಾಷ್ಟ್ರೀಯತೆ ಸ್ಪಷ್ಟವಿಲ್ಲ. ಶಿಫಾರಸು ಮಾಡಲಾಗದು" ಎಂದು ಎರಡು ಸಾಲು ಬರೆದೆ. ನಿಯಮದಲ್ಲಿ ದಾರಿ ಇದೆಯೋ ಎಂದು ಹುಡುಕಿಯೂ ನೋಡಲಿಲ್ಲ. ನನ್ನ ಸರ್ವಿಸಿನಲ್ಲಿ ಎಷ್ಟೋ ಸಾಲ ತಿರಸ್ಕರಿಸಿದ್ದೇನೆ, ಅದಕ್ಕೆ ಬೇಸರವಿಲ್ಲ. ಹುಡುಕದೇ ತಿರಸ್ಕರಿಸಿದ್ದು ಅದೊಂದೇ.

ಆ ರಾತ್ರಿ ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಮಾವನಿಗೆ ಈ ವಿಷಯ ಹೇಳಿದೆ, ಸ್ವಲ್ಪ ಜಂಬದಿಂದಲೇ. ಹೇಗೆ ಜಾಣತನದಿಂದ ತಪ್ಪಿಸಿಕೊಂಡೆ ನೋಡಿ ಎನ್ನುವ ಧಾಟಿಯಲ್ಲಿ. ಮಾವ ಹದಿಮೂರನೆಯ ವಯಸ್ಸಿಗೆ ಹಡಗು ಹತ್ತಿ ಬಂದು, ಕಪ್ಪು ಬಸಿ ತೊಳೆದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಕಡೆಗೆ ತನ್ನದೇ ಹೋಟೆಲು ಹಾಕಿದವರು. ಅರವತ್ತರ ದಶಕದ ಕೊನೆಗೆ ಈ ಊರಲ್ಲಿ ದಕ್ಷಿಣದವರು ಹೋಗಲಿ ಎಂಬ ಗಲಾಟೆ ಎದ್ದಾಗ ಅವರ ಗಾಜಿನ ಕಪಾಟು ಪುಡಿಯಾಗಿತ್ತು. ಪಕ್ಕದ ಕಿರಾಣಿ ಅಂಗಡಿಯವರು ಅರ್ಧ ಶಟರ್ ಎತ್ತಿ ಅವರನ್ನು ಒಳಗೆ ಎಳೆದುಕೊಂಡಿದ್ದರು. ಅವರು ಸಾರಿನ ಸೌಟು ಹಾಗೇ ಹಿಡಿದು ನಿಂತು ಕೇಳಿದರು. ಆಮೇಲೆ ಹೇಳಿದರು: "ನಂಗೆ ಹೋಟ್ಲ್ ಹಾಕುಕೆ ದುಡ್ಡ್ ಕೊಟ್ಟದ್ದ್ ಒಬ್ಬ ಗುಜರಾತಿ ಸೇಠ್. ಅವ ನನ್ನ ಊರ್ ಕೇಣ್ಲಿಲ್ಲ. ಚಾ ಕುಡ್ದ್, ಲಾಯ್ಕ್ ಇತ್ತ್ ಅಂದ. ಅಷ್ಟೆ."

ಬೈದಿದ್ದರೆ ಮರೆತುಹೋಗುತ್ತಿತ್ತೋ ಏನೋ.

ಡಾಕ್ಟರು ಮಾತ್ರ ಮುಂದಿನ ಶನಿವಾರ ಎಂದಿನಂತೆ ಹನ್ನೊಂದಕ್ಕೆ ಬಂದರು. ನನ್ನನ್ನು ನೋಡಿ, "ದಾಂತ್ ಠೀಕ್ ಹೈ ನಾ?" ಎಂದು ಕೇಳಿದರು. ಎರಡು ವರ್ಷದ ನಂತರ ಎಲ್ಲ ಖಾತೆ ಮುಚ್ಚಿ ಹಣ ತೆಗೆದುಕೊಂಡರು. ಮಗ ಕೆನಡಾಕ್ಕೆ ಹೋಗಿದ್ದಾನೆ, ನಮ್ಮನ್ನೂ ಕರೆಸಿಕೊಳ್ಳುತ್ತಾನೆ ಎಂದರು. ಕೊನೆಯ ಸಲ ನಾನೇ ಆ ಮೂರು ಅಕ್ಷರಗಳ ಗೆರೆ ಎಣಿಸಿ ಚೀಟಿ ಪಾಸು ಮಾಡಿದೆ.

ಹೀಗೆ ಖಾಲಿಯಾಗದೆ ಉಳಿದ ಒಂದು ಚೀನೀ ಪೇಟೆಯನ್ನು ನಾನು ಕಂಡದ್ದು ಕಲ್ಕತ್ತಾದಲ್ಲಿ. 1997ರಲ್ಲಿ ಪ್ರಮೋಷನ್ನಿನ ಜೊತೆ ಅಲ್ಲಿಗೆ ವರ್ಗವಾಯಿತು. ಲಾಲ್‌ಬಜಾರ್ ಪೊಲೀಸ್ ಕಚೇರಿಯಿಂದ ಕೂಗಳತೆಯಲ್ಲಿ ತಿರೆಟ್ಟಾ ಬಜಾರ್. ಎಡ್ವರ್ಡ್ ತಿರೆಟ್ಟಾ ಎಂಬ ಇಟಲಿಯವನ ಹೆಸರು, ಇರುವುದು ಚೀನಿಯರ ಪೇಟೆ. ಭಾನುವಾರ ಬೆಳಿಗ್ಗೆ ಆರಕ್ಕೆಲ್ಲ ಹೋಗಬೇಕು. ಎಂಟೂವರೆಗೆ ಹೋದರೆ ಒದ್ದೆ ರಸ್ತೆ ಮಾತ್ರ ಕಾಣುತ್ತದೆ. ಅಜ್ಜಿಯರು ಅಲ್ಯುಮಿನಿಯಂ ಪಾತ್ರೆಗಳಿಂದ ಹಬೆಯಾಡುವ ಬನ್ನು ತೆಗೆದು ಕೊಡುತ್ತಾರೆ. ನಮ್ಮ ಕಡುಬಿನ ಹಾಗೇ, ಒಳಗೆ ಮಾತ್ರ ಮಾಂಸ. ಮೀನಿನ ಉಂಡೆಯ ಸಾರು ಬಟ್ಟಲಲ್ಲಿ ಹಿಡಿದು ನಿಂತು ಕುಡಿಯಬೇಕು. ಮೀನು ತಿನ್ನುವ ಕರಾವಳಿಯವರಿಗೆ ಅದೇನು ಹೊಸತೇ? ಮನೆಯವಳು ಎರಡನೆಯ ಬಟ್ಟಲು ತೆಗೆದುಕೊಂಡಳು. ಪಕ್ಕದಲ್ಲೇ ಸೊಪ್ಪು, ಒಣಮೀನು, ಕಾಳು ಮಾರುವ ಬಂಗಾಳಿಗಳು, ಬಿಹಾರಿಗಳು. ಚೀನೀ ಅಜ್ಜಿ ಬಿಹಾರಿಯವನ ಜೊತೆ ಹಿಂದಿಯಲ್ಲಿ ಸೊಪ್ಪಿಗೆ ಚೌಕಾಸಿ ಮಾಡುವ ಪರಿ ನಮ್ಮ ದಫ್ತರಿ ರೋಡಿನದೇ.

ಅಲ್ಲಿ ದೇವಸ್ಥಾನಗಳನ್ನು 'ಚರ್ಚ್' ಎನ್ನುತ್ತಾರೆ. 1905ರಲ್ಲಿ ಕಟ್ಟಿದ 'ಸೀ ಇಪ್ ಚರ್ಚ್' ಎದುರು ನಿಂತಾಗ ಒಬ್ಬರು ಹಿರಿಯರು ವಿವರಿಸಿದರು: ಸೀ ಇಪ್ ಎಂದರೆ ನಾಲ್ಕು ತಾಲೂಕು. ಕ್ಯಾಂಟನ್ ಸೀಮೆಯ ಆ ನಾಲ್ಕು ತಾಲೂಕಿನವರು ಹೋದಲ್ಲೆಲ್ಲ ಕೂಡಿ ಒಂದು ದೇವರು, ಒಂದು ತಂಗುವ ಜಾಗ ಮಾಡಿಕೊಳ್ಳುತ್ತಾರೆ. "ಬಂಬಯಿಯಲ್ಲೂ ಇದೆ, ನೋಡಿಲ್ಲವೇ?" ಎಂದರು. ಮೂರು ವರ್ಷ ಮಜಗಾಂವ್‌ನಲ್ಲಿ ಕೆಲಸ ಮಾಡಿದವನು ನಾನು. ನೋಡಿರಲಿಲ್ಲ.

ಅಂತೂ ಮೊಮ್ಮಗನ ಪ್ರಶ್ನೆಯಿಂದಾಗಿ ಹೋದೆವು, ಒಂದು ಭಾನುವಾರ. ಈಗ ಸುಲಭ, ಮಲಾಡಿನಿಂದ ಒಂದು ಸ್ಟೇಷನ್ ಗೋರೆಗಾಂವ್, ಅಲ್ಲಿಂದ ಹಾರ್ಬರ್ ಲೈನಿನ ಗಾಡಿ ಹತ್ತಿದರೆ ನೇರ ಡಾಕ್‌ಯಾರ್ಡ್ ರೋಡ್. ನವಾಬ್ ಟ್ಯಾಂಕ್ ರೋಡಿನಲ್ಲಿ ಕೇಳುತ್ತಾ ಹೋದೆವು. ಮೊಮ್ಮಗ ಕೆಂಪು ಕಮಾನು, ಲಾಟೀನು ಸಾಲು, ಅಂಗಡಿ ಬೀದಿ ಎಂದೆಲ್ಲ ಕಲ್ಪಿಸಿಕೊಂಡಿದ್ದ. ಅಂಗಡಿಗಳೇನೋ ಇದ್ದವು, ಜನವೂ ಇದ್ದರು. ಬೇಕರಿ, ಮೊಬೈಲು, ಮಟನ್. ಒಂದೇ ಒಂದು ಬೋರ್ಡಿನಲ್ಲೂ ಚೀನೀ ಅಕ್ಷರವಿರಲಿಲ್ಲ. ಡಾಕ್ಟರ ಕೋಣೆ ಯಾವುದೆಂದು ಗುರುತಿಸಲು ನನ್ನಿಂದ ಆಗಲಿಲ್ಲ. ಕಡೆಗೆ ಒಂದು ಹಳೆಯ ಮನೆ, 'ಸೀ ಯುಪ್ ಕೂನ್'. ನಾಲ್ಕು ತಾಲೂಕಿನವರ ಮನೆ. 1919ರದ್ದು.

ಇಕ್ಕಟ್ಟಾದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಕೆಂಪು, ಬಂಗಾರ ಬಣ್ಣದ ಪುಟ್ಟ ಗುಡಿ. ದೇವರು ಕ್ವಾನ್ ತಾಯ್. ಹಿಂದೊಮ್ಮೆ ಬದುಕಿದ್ದ ಸೇನಾಪತಿ, ಕೊಟ್ಟ ಮಾತಿಗೆ ತಪ್ಪದವನು; ಅದಕ್ಕೇ ವ್ಯಾಪಾರಿಗಳು ಅವನನ್ನು ನಂಬುತ್ತಾರೆ. ಭವಿಷ್ಯ ಕೇಳುವವರಿಗೆ ಬಿದಿರಿನ ಕಡ್ಡಿಗಳ ಡಬ್ಬಿ. ಹೊಸ ವರ್ಷದ ದಿನ ಮಾತ್ರ ಊರೆಲ್ಲ ಚದುರಿದವರು ಬಂದು ಸೇರುತ್ತಾರಂತೆ. ಉಳಿದ ದಿನ ನಮ್ಮಂಥವರು ಕುತೂಹಲಕ್ಕೆ ಬಂದು ಫೋಟೋ ತೆಗೆದು ಹೋಗುವುದು.

ಊದುಕಡ್ಡಿ ಹಚ್ಚಿ ನಿಂತೆ. ಗೋಡೆಯ ಮೇಲಿನ ಅಕ್ಷರಗಳನ್ನು ನೋಡುತ್ತಾ ಆ ಮೂರು ಅಕ್ಷರ ಎಲ್ಲಾದರೂ ಇದೆಯೋ ಎಂದು ಹುಡುಕಿದೆ. ನನಗೇನು ತಿಳಿಯುತ್ತದೆ? ಗೆರೆ ಎಣಿಸುವುದೊಂದೇ ಗೊತ್ತು. ಕೈ ಮುಗಿದು ಏನು ಕೇಳುವುದೆಂದೂ ತಿಳಿಯಲಿಲ್ಲ. ಎಂಟು ಸಾವಿರ ರೂಪಾಯಿಯ ಕುರ್ಚಿ ಕೊಟ್ಟಿದ್ದರೆ ಅವರು ಉಳಿಯುತ್ತಿದ್ದರು ಎಂದು ಹೇಳುವಷ್ಟು ದಡ್ಡನಲ್ಲ ನಾನು. ಹೋಗುವವರು ಹೋಗುತ್ತಲೇ ಇದ್ದರು. ಆದರೆ ಹೋಗಲು ಅವರಿಗೆ ಸಿಕ್ಕ ಕಾರಣಗಳ ಪಟ್ಟಿಯಲ್ಲಿ ನನ್ನ ಕೈಬರಹದ ಎರಡು ಸಾಲೂ ಇವೆ.

ಮಲಾಡಿಗೆ ವಾಪಸಾಗುವಾಗ ಸಂಜೆ. ಮಾವ ತೀರಿಕೊಂಡು ಇಪ್ಪತ್ತು ವರ್ಷ ದಾಟಿತು. ಅವರ ಹೋಟೆಲಿದ್ದ ಜಾಗದಲ್ಲಿ ಮೊಬೈಲಿನ ಕವರ್ ಮಾರುತ್ತಾರೆ. ಕನ್ನಡದ ಬೋರ್ಡು ಹೋಗಿ ಎಷ್ಟೋ ಕಾಲವಾಯಿತು. ಮಾವ ಓದಿದಂಥ ರಾತ್ರಿಶಾಲೆಗಳೂ, ಮಹಾನಗರಪಾಲಿಕೆಯ ಹಲವು ಕನ್ನಡ ಶಾಲೆಗಳೂ ಮಕ್ಕಳಿಲ್ಲದೆ ಮುಚ್ಚಿದವು. ನಮ್ಮನ್ನು ಯಾರೂ ಓಡಿಸಲಿಲ್ಲ. ಸಂಘಗಳಿವೆ, ಯಕ್ಷಗಾನ ಇದೆ, ಕುರಾರ್‌ನಲ್ಲಿ ನಮ್ಮವರೇ ಕಟ್ಟಿದ ಶನೀಶ್ವರನ ಗುಡಿ ಇದೆ. ಮೊಮ್ಮಗ ಮನೆಯಲ್ಲಿ ಕನ್ನಡ ಆಡುತ್ತಾನೆ, ಓದಲು ಬಾರದು. ನಮ್ಮ ಊರಿನ ಬಸ್ಸಿನ ಬೋರ್ಡನ್ನು ಅವನೂ ಗೆರೆ ಎಣಿಸಿಯೇ ನೋಡುವುದು.

ತರಕಾರಿ ಗಾಡಿಯ ಹತ್ತಿರ ನಿಂತೆವು. ಹೊಸಬ, ಜೌನ್‌ಪುರದ ಕಡೆಯವನು. ನಮ್ಮ ಮಾತು ಕೇಳಿ ಹುಡುಗನನ್ನು ವಿಚಾರಿಸಿದ: "ಗಾಂವ್ ಕೌನ್‌ಸಾ?" ಮುಂಬಯಿಯಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವ ಪ್ರಶ್ನೆ ಇದು. ನಲವತ್ತು ವರ್ಷದಿಂದ ನಾನು 'ಕುಂದಾಪುರ' ಎಂದೇ ಹೇಳುತ್ತಾ ಬಂದವನು.

"ಯಹೀಂ ಕಾ. ಮಲಾಡ್," ಎಂದ ಮೊಮ್ಮಗ.

ತಿದ್ದಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ಗಾಡಿಯವನು, "ಅಚ್ಛಾ, ಮಲಾಡ್," ಎಂದು ತಲೆಯಾಡಿಸಿ ತಕ್ಕಡಿಗೆ ಇನ್ನೊಂದು ಹೀರೇಕಾಯಿ ಹಾಕಿದ.