ಭೂತನಾಳದ ದಂಡೆಯ ದೀಪ

ವಿಜಯಪುರಕ್ಕೆ ಬಂದ ಪ್ರವಾಸಿಗರು ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿ ಏಳು ಸಲ ಮಾರ್ದನಿ ಕೇಳಿ, ಇಬ್ರಾಹಿಂ ರೋಜಾದ ನೆರಳಿನಲ್ಲಿ ಒಂದು ಗಳಿಗೆ ಕುಳಿತು, ಸಂಜೆಯ ಗಾಡಿ ಹಿಡಿಯುವುದು ವಾಡಿಕೆ. ಊರಾಚೆಯ ಭೂತನಾಳಕ್ಕೆ ಹೋಗುವವರು ವಿರಳ. ಅಲ್ಲಿ ಗುಮ್ಮಟವಿಲ್ಲ, ಮಿನಾರುಗಳಿಲ್ಲ. ಎರೆ ಹೊಲಗಳ ನಡುವೆ ಒಂದು ಹಳ್ಳಿ. ಅದರ ಹೆಸರನ್ನೇ ಹೊತ್ತ ಒಂದು ಕೆರೆ. ಕೆರೆಯ ಸುತ್ತ ಇತ್ತೀಚಿನ ವರ್ಷಗಳಲ್ಲಿ ನೆಟ್ಟು ಬೆಳೆಸಿದ ಗಿಡಮರಗಳು. ಆದರೆ ಈ ಬಿಸಿಲುನಾಡಿನ ಬಾಳು ಯಾವುದನ್ನು ಆಧರಿಸಿ ನಿಂತಿದೆ ಎಂಬುದನ್ನು ಅರಿಯಬೇಕಾದವರಿಗೆ ಗುಮ್ಮಟಕ್ಕಿಂತ ಕೆರೆಯೇ ಒಳ್ಳೆಯ ಗುರು.

ಕೂಡಿಡುವ ವಿದ್ಯೆ ಇಲ್ಲಿಯವರಿಗೆ ಹೊಸದಲ್ಲ. ಕುಮಾರವಾಲ್ಮೀಕಿಯ ರಾಮಾಯಣದಿಂದ ಹೆಸರಾದ ತೊರವೆಯ ಕಡೆಯಿಂದ ಆದಿಲಶಾಹಿ ಅರಸರು ನೆಲದೊಳಗೆ ಸುರಂಗ ತೋಡಿಸಿ ರಾಜಧಾನಿಗೆ ನೀರು ತಂದರು. 1620ರಲ್ಲಿ ತಾಜ್ ಬಾವಡಿ ಆಯಿತು. 1651ರಲ್ಲಿ ಬೇಗಂ ತಾಲಾಬು ಆಯಿತು. ನೀರಿನ ರಭಸ ತಗ್ಗಿಸಲೂ ಅದರಲ್ಲಿನ ಕೆಸರು ತಳದಲ್ಲಿ ನಿಲ್ಲುವಂತೆ ಮಾಡಲೂ ದಾರಿಯುದ್ದಕ್ಕೂ ಕಲ್ಲಿನ ಗಂಜುಗಳನ್ನು ಕಟ್ಟಿಸಿದರು. ನೀರು ತರುವುದು ಅರ್ಧ ಕೆಲಸ, ಕೂಡಿಟ್ಟದ್ದನ್ನು ಜೋಪಾನ ಮಾಡುವುದು ಇನ್ನರ್ಧ ಎಂಬುದನ್ನು ಅವರು ಬಲ್ಲವರಾಗಿದ್ದರು.

ಇಂದು ಭೂತನಾಳದ ಸುತ್ತಿನ ಹೊಲಗಳಲ್ಲಿ ಮತ್ತೊಂದು ಬಗೆಯ ಕೆರೆಗಳಿವೆ. ಊರೊಳಗೆ ವಿದ್ಯುದ್ದೀಪವಿದೆ, ಆದರೆ ಹೊಲದಲ್ಲೇ ಮನೆ ಕಟ್ಟಿಕೊಂಡು ದನಕರುಗಳೊಡನೆ ಬಾಳುವವರ ಮಾತು ಬೇರೆ. ಪಂಪುಸೆಟ್ಟಿನ ತಂತಿಯಲ್ಲಿ ವಿದ್ಯುತ್ತು ಹರಿಯುವುದು ಗೊತ್ತುಮಾಡಿದ ಕೆಲವೇ ತಾಸು. ತಂತಿಯೇ ತಲುಪದ ಮನೆಗಳಿಗೆ ಸೂರ್ಯನೇ ದಿಕ್ಕು. ಅಂಥ ಮನೆಗಳ ಮಾಳಿಗೆಯ ಮೇಲೆ ಸೌರಫಲಕಗಳು, ಮೂಲೆಯಲ್ಲಿ ಬ್ಯಾಟರಿ. ಹಗಲಿನ ಬಿಸಿಲನ್ನು ರಾತ್ರಿಗೆ ಕಾಪಿಡುವ ಕೆರೆ ಅದೇ.

ಕೆರೆಗೆ ಹತ್ತಿರದ ಅಂಥದೊಂದು ಮನೆಯಲ್ಲಿ ಅಜ್ಜ, ಅಜ್ಜಿ, ಮಗ, ಸೊಸೆ, ಎಸ್.ಎಸ್.ಎಲ್.ಸಿ. ಓದುವ ಮೊಮ್ಮಗಳು. 75 ವಾಟಿನ ಎರಡು ಫಲಕ, 12 ವೋಲ್ಟಿನ ಎರಡು ಬ್ಯಾಟರಿ ಕೂಡಿಸಿ ಏಳು ವರ್ಷವಾಗಿತ್ತು. ಈ ಸಲ ಸಂಕ್ರಾಂತಿ ಕಳೆಯುತ್ತಲೇ ದೀಪಕ್ಕೆ ಏನೋ ರೋಗ ತಗಲಿತು. ಬೆಳಿಗ್ಗೆ ಹತ್ತಕ್ಕೇ ‘ತುಂಬಿತು’ ಎಂದು ಹಸಿರು ಗುರುತು ಮೂಡುವುದು. ರಾತ್ರಿ ಎಂಟೂವರೆಗೆ ದೀಪ ಮಂಕಾಗಿ ಒಂಬತ್ತಕ್ಕೆ ಆರಿಯೇಹೋಗುವುದು. ಪರೀಕ್ಷೆ ಹತ್ತಿರವಾಗುತ್ತಿತ್ತು. ಹುಡುಗಿ ಮೊಬೈಲಿನ ಬೆಳಕಿನಲ್ಲಿ ಗಣಿತ ಬಿಡಿಸುತ್ತಿದ್ದಳು. ಅದಕ್ಕೂ ಚಾರ್ಜು ತುಂಬಬೇಕಾದದ್ದು ಅದೇ ಬ್ಯಾಟರಿಯಿಂದ.

ನಗರದಿಂದ ಬಂದ ಮೆಕ್ಯಾನಿಕ್ ಮೊದಲು ಫಲಕಗಳನ್ನು ಪರೀಕ್ಷಿಸಿದ. ಅವುಗಳಲ್ಲಿ ದೋಷವಿರಲಿಲ್ಲ, ಧೂಳು ಒರೆಸಿದರೆ ಇಪ್ಪತ್ತೈದು ವರ್ಷ ಬಾಳುವ ವಸ್ತು. ಬ್ಯಾಟರಿಯ ಮುಚ್ಚಳ ತೆಗೆದಾಗ ರೋಗದ ಮೂಲ ಕಂಡಿತು. ಒಂದರಲ್ಲಿ ದ್ರವ ಇಳಿದು ಸೀಸದ ಪ್ಲೇಟುಗಳು ಗಾಳಿಗೆ ತೆರೆದುಕೊಂಡಿದ್ದವು. ಹೈಡ್ರೋಮೀಟರಿನಲ್ಲಿ ದ್ರವದ ಸಾಂದ್ರತೆ ಅಳೆದರೆ, 1.24ರ ಸುಮಾರಿಗೆ ಇರಬೇಕಾದದ್ದು ಒಂದು ಕೋಶದಲ್ಲಿ 1.12ಕ್ಕೆ ಇಳಿದಿತ್ತು. ಅಂಗಡಿಯ ಬ್ಯಾಟರಿ ನೀರು ತೀರಿದಾಗ ಮಗ ಕೊಳವೆಬಾವಿಯ ನೀರನ್ನೇ ತುಂಬಿದ್ದ. ಸವುಳು ನೀರಿನ ಲವಣಗಳು ಪ್ಲೇಟುಗಳಿಗೆ ಶತ್ರು. ಸಾಲದುದಕ್ಕೆ ಬ್ಯಾಟರಿ ಇಟ್ಟದ್ದು ತಗಡಿನ ಕೆಳಗೆ. ಇಲ್ಲಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. 25 ಡಿಗ್ರಿಗಿಂತ ಮೇಲೆ ಪ್ರತಿ 10 ಡಿಗ್ರಿ ಏರಿದಂತೆ ಸೀಸದ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.

1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ ರೂಪಿಸಿದ ಈ ಬ್ಯಾಟರಿಯ ತತ್ತ್ವ ಇಂದಿಗೂ ಬದಲಾಗಿಲ್ಲ. ವಿದ್ಯುತ್ತು ಖರ್ಚಾದಾಗ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ, ತುಂಬಿದಾಗ ಕರಗುತ್ತದೆ. ಪೂರ್ತಿ ತುಂಬದೆ ಬಹುದಿನ ಬಿಟ್ಟರೆ ಅದು ಹರಳುಗಟ್ಟಿ ಕರಗದೆ ಉಳಿಯುತ್ತದೆ. ಹರಳು ಕೂತಷ್ಟೂ ಜಾಗ ನಷ್ಟ. ಬೇಗ ತುಂಬುತ್ತದೆ, ಬೇಗ ಬರಿದಾಗುತ್ತದೆ.

ಇದನ್ನು ಕೇಳಿ ಅಜ್ಜ ಕೆರೆಯತ್ತ ಕೈ ತೋರಿಸಿದ. “ಹಂಗಂದ್ರ ಕೆರಿಯಾಗ ಹೂಳ ಕುಂತಂಗಾತು ಬಿಡೋ ತಮ್ಮಾ. ಒಂದ ಮಳಿಗೆ ಕೋಡಿ ಬೀಳತೈತಿ, ಶಿವರಾತ್ರಿಗೆ ತಳ ಕಾಣತೈತಿ.”

“ಅದ ನೋಡ್ರಿ ಅಜ್ಜಾರ. ಆದ್ರ ಕೆರಿ ಹೂಳ ತಗೀಬಹುದು. ಇದರದು ತಗಿಯಾಕ ಬರಂಗಿಲ್ಲ.”

ಮಗನ ಅಭಿಪ್ರಾಯ ಬೇರೆಯಾಗಿತ್ತು. ಕೆಟ್ಟದ್ದು ಒಂದು ತಾನೆ, ಒಂದನ್ನೇ ಬದಲಿಸಿದರಾಗದೆ? ಕಡಲೆ ಮಾರಿ ಬಂದ ಹಣ ಬೀಜ, ಗೊಬ್ಬರ, ಸಾಲದ ಕಂತುಗಳಿಗೆ ಆಗಲೇ ಹಂಚಿಹೋಗಿತ್ತು. ಉಳಿದದ್ದು ತಂಗಿಯ ಮಗುವಿನ ತೊಟ್ಟಿಲಿಗೆಂದು ತೆಗೆದಿಟ್ಟ ಒಂದು ಗಂಟು. ಮೆಕ್ಯಾನಿಕ್ ತಲೆಯಾಡಿಸಿದ. ಹಳೆಯದರ ಜೊತೆ ಹೊಸದನ್ನು ಕೂಡಿಸಿದರೆ ಹಳೆಯದು ಹೊಸದರ ಶಕ್ತಿಯನ್ನು ಹೀರುತ್ತದೆ. ವರ್ಷ ಎರಡರಲ್ಲಿ ಎರಡೂ ಮುದಿಯಾಗುತ್ತವೆ. ಅಜ್ಜನಿಗೆ ಹೆಚ್ಚಿನ ವಿವರಣೆ ಬೇಕಾಗಲಿಲ್ಲ. ಮುದಿ ಎತ್ತಿನ ಜೊತೆ ಹೋರಿಯನ್ನು ನೊಗಕ್ಕೆ ಹೂಡಿ ಹೋರಿಯ ಹೆಗಲು ಕೆಡಿಸಿದವರನ್ನು ಅವನು ಕಂಡಿದ್ದ.

ಬಳಿಕ ಹುಡುಗಿಯೇ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಲೆಕ್ಕ ಬರೆದಳು. 7 ವಾಟಿನ ನಾಲ್ಕು ದೀಪ ಐದು ತಾಸು ಉರಿದರೆ 140. 25 ವಾಟಿನ ಪಂಖ ಆರು ತಾಸಿಗೆ 150. 40 ವಾಟಿನ ದೂರದರ್ಶನ ಮೂರು ತಾಸಿಗೆ 120. ಒಟ್ಟು ದಿನಕ್ಕೆ 410 ವಾಟ್-ತಾಸು. ಮೋಡದ ದಿನವೊಂದನ್ನು ಸೇರಿಸಿ ಎರಡು ದಿನಕ್ಕೆ 820. ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸಬಾರದಾದ್ದರಿಂದ ಅದರ ಇಮ್ಮಡಿ 1640. ಅದನ್ನು 12ರಿಂದ ಭಾಗಿಸಿದರೆ 137. ಅಂದರೆ ಎರಡು ಸಣ್ಣ ಬ್ಯಾಟರಿಗಳ ಬದಲು 150 ಆಂಪಿಯರ್-ತಾಸಿನ ಒಂದೇ ದೊಡ್ಡ ಟ್ಯೂಬುಲರ್ ಬ್ಯಾಟರಿ ಸಾಕು. ಲಿಥಿಯಂ ಬ್ಯಾಟರಿಯ ಮಾತೂ ಬಂದಿತು. ಅದು ಹಗುರ, ನೀರು ಕೇಳುವುದಿಲ್ಲ, ಹೆಚ್ಚು ವರ್ಷ ಬಾಳುತ್ತದೆ. ಆದರೆ ಮೊದಲ ಬೆಲೆ ಹೆಚ್ಚು, ಚಾರ್ಜು ನಿಯಂತ್ರಿಸುವ ಪೆಟ್ಟಿಗೆಯೂ ಅದಕ್ಕೆ ಹೊಂದುವಂಥದಾಗಬೇಕು. ಗಂಟಿನಲ್ಲಿದ್ದ ಹಣ ಅಷ್ಟು ದೂರ ನಡೆಯುವಂತಿರಲಿಲ್ಲ. ಅಜ್ಜಿ ಒಳಗೆ ಹೋಗಿ ಗಂಟನ್ನು ತಂದು ಮಗನ ಕೈಗಿಟ್ಟಳು. “ತೊಟ್ಟಲಾ ಹಳೇದ ಐತಿ, ಬಣ್ಣಾ ಹಚ್ಚಿದ್ರ ಆತು,” ಎಂದಳು.

ಹೊಸ ಬ್ಯಾಟರಿ ಬಂದ ದಿನ ಮೆಕ್ಯಾನಿಕ್ ಮೊದಲು ಫಲಕದ ತಂತಿ ಬಿಡಿಸಿದ. ಬಳಿಕ ಬ್ಯಾಟರಿಗಳ ಋಣ ತಂತಿ, ಕಡೆಗೆ ಧನ ತಂತಿ. ಜೋಡಿಸುವಾಗ ಎಲ್ಲವೂ ತಿರುಗುಮುರುಗು: ಬ್ಯಾಟರಿ ಮೊದಲು, ಫಲಕ ಕೊನೆಗೆ. ಕೈಗೆ ರಬ್ಬರಿನ ಚೀಲ, ಕಣ್ಣಿಗೆ ಕನ್ನಡಕ. ಒಳಗಿರುವುದು ಗಂಧಕಾಮ್ಲ, ಹೊರಡುವುದು ಹೊತ್ತಿಕೊಳ್ಳುವ ಜಲಜನಕ. ಅಜ್ಜನ ಬೀಡಿ ಅಂದು ಬೇವಿನ ಮರದ ಕೆಳಗೇ ಉಳಿಯಿತು. ಐವತ್ತು ಕಿಲೋ ಮೀರಿದ ಹೊಸ ಪೆಟ್ಟಿಗೆಯನ್ನು ಇಬ್ಬರು ಹೊತ್ತು ತಗಡಿನ ಕೆಳಗಲ್ಲ, ಗಾಳಿಯಾಡುವ ಪಡಸಾಲೆಯ ನೆರಳಿನ ಮೂಲೆಯಲ್ಲಿ, ಕಟ್ಟಿಗೆಯ ಹಲಗೆಯ ಮೇಲೆ ಇಟ್ಟರು.

ಅಷ್ಟರಲ್ಲಿ ಮೋಟಾರು ಸೈಕಲ್ಲಿನ ಗುಜರಿಯವನೊಬ್ಬ ಹಳೆಯವನ್ನು ಕೇಳಿಕೊಂಡು ಬಂದ. ಅಂಗಡಿಯವರು ಮುರಿದುಕೊಂಡದ್ದಕ್ಕಿಂತ ಇನ್ನೂರು ಹೆಚ್ಚು ಕೊಡುತ್ತೇನೆಂದ. ದ್ರವವನ್ನು ಇಲ್ಲೇ ಚೆಲ್ಲಿದರೆ ಹೊರೆ ಹಗುರಾಗುತ್ತದೆ ಎಂದೂ ಸೇರಿಸಿದ. ಮಗನ ಕೈ ಮುಂದಾಯಿತು. ಹಿತ್ತಲಿನ ಹಳ್ಳ ಹರಿದು ಸೇರುವುದು ಕೆರೆಯನ್ನೇ. ಆ ದ್ರವದಲ್ಲಿ ಆಮ್ಲವಷ್ಟೇ ಅಲ್ಲ, ಸೀಸವೂ ಇರುತ್ತದೆ. ಸೀಸದ ವಿಷ ಮಕ್ಕಳ ಮೆದುಳನ್ನು ಕೆಡಿಸುತ್ತದೆ. ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದು ಸಂಸ್ಕರಿಸುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಅಜ್ಜನಿಗೆ ನಿಯಮ ತಿಳಿಯದು. ಹಳ್ಳದ ದಾರಿ ತಿಳಿದಿತ್ತು. “ಆ ನೀರ ದನಾ ಕುಡಿತಾವೋ ತಮ್ಮಾ, ನೀ ಹೋಗು,” ಎಂದ. ಹಳೆಯ ಎರಡೂ ಬ್ಯಾಟರಿಗಳು ನೆಟ್ಟಗೆ ನಿಂತೇ ಅಂಗಡಿಯ ಗಾಡಿ ಏರಿದವು.

ಆ ರಾತ್ರಿ ಒಂಬತ್ತಾಯಿತು, ಹತ್ತಾಯಿತು, ದೀಪ ಮಂಕಾಗಲಿಲ್ಲ. ಕೆರೆಯ ಏರಿಯ ಮೇಲೆ ನಿಂತವರಿಗೆ ಕತ್ತಲ ಹೊಲದ ನಡುವೆ ಆ ಒಂದು ಕಿಟಕಿ ಕಾಣುವಂತಿತ್ತು. ಒಳಗೆ ಅಜ್ಜ ಪಂಚಾಂಗದ ಕ್ಯಾಲೆಂಡರ್ ಬಿಚ್ಚಿ ಪ್ರತಿ ಅಮಾವಾಸ್ಯೆಯ ಚೌಕದಲ್ಲಿ ಮೊಮ್ಮಗಳಿಂದ ಒಂದೊಂದು ಗುರುತು ಹಾಕಿಸುತ್ತಿದ್ದ. ಅಂದು ಎತ್ತಿನ ಹೆಗಲಿಗೆ ಬಿಡುವು. ಅಂದೇ ಬ್ಯಾಟರಿಯ ನೀರು ನೋಡುವುದು, ಅಂಗಡಿಯ ನೀರನ್ನೇ ಹಾಕುವುದು. ಹನ್ನೆರಡು ಗುರುತು ಮುಗಿದ ಮೇಲೆ ಹುಡುಗಿ ಪುಸ್ತಕವನ್ನು ಮತ್ತೆ ಎಳೆದುಕೊಂಡಳು. ಅಜ್ಜ ಎದ್ದು, ಯಾರೂ ಇಲ್ಲದ ಅಡುಗೆಮನೆಯ ದೀಪವನ್ನು ಆರಿಸಿ ಬಂದ.